ಕುಕ್ಕೆಯ ಕೆಳಗಿನ ಬಾವಲಿ

೧೧ ಫೆಬ್ರವರಿ ೧೯೪೨, ಬುಧವಾರ. ದುದ್ದ.

ಇವತ್ತು ಸುಳ್ಳು ಹೇಳಿದೆ. ಅದೇ ಕೊರೆಯುತ್ತಿದೆ.

ಸಂಜೆ ಸ್ಕೂಲಿನಿಂದ ಬಂದಾಗ ನಡುಮನೆಯಲ್ಲಿ ಬಾವಲಿಯೊಂದು ಬಿದ್ದಿತ್ತು. ಅಷ್ಟರಲ್ಲೇ ಪಕ್ಕದ ಮನೆಯ ಪಟ್ಟಲಮ್ಮ ಮಜ್ಜಿಗೆ ತಂದರು. ತಟ್ಟನೆ ಅದರ ಮೇಲೆ ಕುಕ್ಕೆ ಕವುಚಿಬಿಟ್ಟೆ. ಒಳಗೆ ಪರಪರ ಸದ್ದು.

“ಏನ್ ಮೇಷ್ಟ್ರೇ ಅದು?”

“ಇಲಿ ಕಣಮ್ಮ.”

“ಇಲಿಯಾದ್ರೆ ಸರಿ ಬುಡಿ. ಎಂಚು ಬೇರೆ ಒಡ್ದದೆ, ಬಾವ್ಲಿ ಗೀವ್ಲಿ ಬಿದ್ರೆ ಮೂರ್ ತಿಂಗ್ಳು ಮನೆಗೆ ಬೀಗ ಆಕ್ಬೇಕಾಯ್ತದೆ. ಆಮೇಲೆ ಬಾಣಂತೀನ ಎಲ್ಲಿಗ್ ಕರ್ಕಂಬತ್ತೀರಿ?”

ಸೋಮವಾರ ನನ್ನ ನಂಜಿ ಮಳವಳ್ಳಿಯ ತವರಿನಿಂದ ಮಗುವನ್ನೆತ್ತಿಕೊಂಡು ಬರುತ್ತಾಳೆ. ಐದು ತಿಂಗಳಿಂದ ಒಬ್ಬನೇ ಬೇಯಿಸಿ ಒಬ್ಬನೇ ಉಣ್ಣುತ್ತಿದ್ದೇನೆ. ಇನ್ನೂ ಮೂರು ತಿಂಗಳು ನನ್ನ ಕೈಲಾಗದು.

ಪಟ್ಟಲಮ್ಮ ಹೋದ ಮೇಲೆ ಕುಕ್ಕೆ ಎತ್ತಿದೆ. ಬಾವಲಿ ನಡೆಯುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ರೆಕ್ಕೆಗಳನ್ನು ಕೊಡೆಯಂತೆ ಮಡಚಿ, ಮಣಿಕಟ್ಟಿನ ಮೇಲೆ ಭಾರ ಬಿಟ್ಟು, ಒಂದು ಸಲ ಎಡಗೈ, ಒಂದು ಸಲ ಬಲಗೈ, ಅಂಬೆಗಾಲಿಡುವ ಮುದುಕನ ಹಾಗೆ. ನೆಲದಿಂದ ಹಾರಲು ನೋಡಿ ಎರಡು ಸಲ ಮುಗ್ಗರಿಸಿತು. ಕೊನೆಗೆ ಹೆಬ್ಬೆರಳಿನ ಉಗುರಿನಿಂದ ಗೋಡೆ ಹಿಡಿದು ತೊಲೆಯವರೆಗೂ ಹತ್ತಿತು. ಅಲ್ಲಿಂದ ಹಿಡಿತ ಬಿಟ್ಟು, ಬೀಳುತ್ತಲೇ ರೆಕ್ಕೆ ಬಿಚ್ಚಿ ಬಾಗಿಲಾಚೆ ಹೋಯಿತು.

“ನೋಡೇ, ನೋಡು!” ಎಂದು ಕೂಗಿಬಿಟ್ಟೆ. ಮನೆಯಲ್ಲಿ ಯಾರಿದ್ದಾರೆ?

ಇದನ್ನು ಹೇಳಬೇಕೆನಿಸುವುದು ಅವಳೊಬ್ಬಳಿಗೆ. ಹೇಳಿದರೆ ಅವಳು ಹೊಸ್ತಿಲು ದಾಟುವುದಿಲ್ಲ. ಅವಳಿಗೆ ಓದು ಕಲಿಸಿದವನೂ ನಾನೇ. ಸೋಮವಾರದೊಳಗೆ ಈ ಹಾಳೆ ಹರಿಯಬೇಕು.