ಕಾಜಲ ಎಷ್ಟು ಕುಸ್ತಿ ಆಡುತ್ತಾಳೆ

ಜನವರಿ 9, ಶುಕ್ರವಾರ

ಕಾಲೇಜು, ಬಸ್ಸು, ಮನೆ. ತಂಗಿ ಕಾಜಲ ಮತ್ತೆ ಕುಸ್ತಿ ತಾಲೀಮಿಗೆ ಹೋಗಿದ್ದಾಳೆ. ದೀಪಾವಳಿಗೆ ಮುಂಚೆ ಮ್ಯಾಟ್ ಮೇಲೆ ತಲೆಕೆಳಗಾಗಿ ಬಿದ್ದು ಕತ್ತಿಗೆ ಪೆಟ್ಟು ಮಾಡಿಕೊಂಡಿದ್ದವಳು. ಮಿರಜದ ಡಾಕ್ಟರು ಆಡಬಹುದು ಎಂದರು. ಜೊತೆಗೇ, ಕೈ ಜೋಮು ಹಿಡಿದರೆ ಆ ಕ್ಷಣವೇ ನಿಲ್ಲಿಸಿ, ಇನ್ನೊಂದು ಪೆಟ್ಟಾದರೆ ಹಾಸಿಗೆಯೇ ಗತಿ ಎಂದೂ ಹೇಳಿದರು. ಅಪ್ಪನಿಗೆ ಮೊದಲ ಮಾತು ಮಾತ್ರ ಕೇಳಿಸಿದೆ. ಕುಪವಾಡದ ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದಾನೆ — ಹದಿನೆಂಟನೇ ತಾರೀಖಿಗೆ ಮಗಳ ಕುಸ್ತಿ ಅಂತ.

ಜನವರಿ 12

ಕ್ಲಾಸಿನಲ್ಲಿ ಪ್ರಾಬಬಿಲಿಟಿ. ಸರ್ ಏನು ಬರೆಸಿದರೋ... ನಾನು ಕಾಜಲಳ ಕುಸ್ತಿಯ ಲೆಕ್ಕವನ್ನೇ ಹಾಕಿ ನೋಡಿದೆ. ಹದಿನಾರು ಹುಡುಗಿಯರು, ನಾಕೌಟ್. ಸೋತರೆ ಅಲ್ಲಿಗೆ ಮುಗಿಯಿತು. ಗೆಲ್ಲುತ್ತ ಹೋದರೆ ಫೈನಲ್ ಸೇರಿ ನಾಲ್ಕು ಕುಸ್ತಿ. ಹಳೆಯ ಫಲಿತಾಂಶ ನೋಡಿದರೆ ಹತ್ತರಲ್ಲಿ ಏಳು ಗೆಲ್ಲುತ್ತಾಳೆ. ಹಾಗಾದರೆ ಒಂದೇ ಕುಸ್ತಿಗೆ ನಿಲ್ಲುವ ಸಂಭವ 0.3. ಎರಡಕ್ಕೆ 0.21. ಮೂರಕ್ಕೆ 0.147. ನಾಲ್ಕು ಆಡುವುದು — 0.343.

ಕೂಡಿಸಿದರೆ ಸರಿಯಾಗಿ ಒಂದು. ಖುಷಿಯಾಗಬೇಕಿತ್ತು. ಆದರೆ ಎಲ್ಲಕ್ಕಿಂತ ದೊಡ್ಡದು ನಾಲ್ಕರದ್ದೇ. ಚೆನ್ನಾಗಿ ಆಡುತ್ತಾಳೆ, ಅದಕ್ಕೇ ಹೆಚ್ಚು ಸಲ ಮ್ಯಾಟಿಗೆ ಇಳಿಯಬೇಕು.

ಜನವರಿ 13

ಲೆಕ್ಕವನ್ನು ಕಾಜಲಳಿಗೆ ತೋರಿಸಿದೆ. ರೊಟ್ಟಿ ಮುರಿಯುತ್ತ ನೋಡಿದಳು.

“ಮೊದಲನೇದ್ರಾಗ ಸೋಲಲಿ ಅಂತ ಬೇಡ್ಕೊಳ್ಳಾಕತ್ತಿ ಏನ ಅಕ್ಕಾ?”

ರೊಟ್ಟಿ ಬುಟ್ಟಿಯನ್ನು ಅವಳ ಕಡೆ ಸರಿಸಿದೆ. ಹೌದು. ಅದನ್ನೇ ಬೇಡಿಕೊಳ್ಳುತ್ತಿದ್ದೇನೆ.

ಜನವರಿ 18, ಭಾನುವಾರ. ಹಾಲ್‌ನಲ್ಲಿ

ಮೊದಲನೆಯದು ಗೆದ್ದಳು. ಎರಡನೆಯದೂ. ಅಪ್ಪ ಶಿಳ್ಳೆ ಹಾಕಿದ. ನನ್ನ ಲೆಕ್ಕ ಬದಲಾಗಿದೆ — ಮೂರಕ್ಕೆ ನಿಲ್ಲುವುದು 0.3, ನಾಲ್ಕು 0.7.

ಅದೇ ದಿನ, ಸಂಜೆ. ಮಿರಜ, ಆಸ್ಪತ್ರೆ

ಮೂರನೆಯದರಲ್ಲಿ ಎದುರಾಳಿ ಎತ್ತಿ ಒಗೆದಳು. ಕಾಜಲ ಕತ್ತಿನ ಮೇಲೆ ಬಿದ್ದಳು. ಎದ್ದಳು. ಗೆದ್ದೇಬಿಟ್ಟಳು. ನೀರು ಕೊಟ್ಟರೆ ಬಾಟಲಿ ಕೈಯಿಂದ ಜಾರಿತು. ಏನೂ ಆಗಿಲ್ಲ ಎಂದಳು. ನಾನು ಅವಳ ಎಡಗೈ ಬೆರಳನ್ನು ಚಿವುಟಿದೆ. ಅವಳಿಗೆ ಗೊತ್ತೇ ಆಗಲಿಲ್ಲ.

ಕೋಚ್ ಸತ್ಯಪ್ಪ ಕಾಕಾನ ಹತ್ತಿರ ಓಡಿದೆ.

“ಕಾಕಾ, ಆಕಿ ಕೈ ಜೋಮ ಹಿಡದೈತ್ರಿ. ಫೈನಲ್ ಬ್ಯಾಡ್ರಿ.”

ಕಾಕಾ ತೀರ್ಪುಗಾರರ ಮೇಜಿಗೆ ಹೋಗಿ ಅವಳ ಹೆಸರು ವಾಪಸ್ ತೆಗೆಸಿದರು. ಅಪ್ಪ ನನ್ನ ಮೇಲೆ ಕೂಗಾಡಿದ. ಆಮೇಲೆ ಮುಖ ಮುಚ್ಚಿಕೊಂಡು ಕೂತ.

ಮೂರು ಕುಸ್ತಿ, ಒಂದೂ ಸೋತಿಲ್ಲ. ನಾನು ಹಾಕಿದ ಲೆಕ್ಕದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ಸ್ಕ್ಯಾನ್‌ಗೆ ಕಾಯುತ್ತಿದ್ದೇವೆ. ಅಲುಗಾಡದಂತೆ ಮಲಗಿಸಿದ್ದಾರೆ. ದಾರಿಯುದ್ದಕ್ಕೂ ನನ್ನ ಜೊತೆ ಮಾತು ಬಿಟ್ಟಿದ್ದಳು. ಈಗ ಮೆಲ್ಲಗೆ ಕರೆದಳು.

“ಅಕ್ಕಾ, ನನ್ನ ಕಾಲ ಮುಟ್ಟಿದಿ ಏನ? ಜೋಮ ಹಿಡದಂಗ ಆಗಾಕತ್ತೈತಿ.”

ನಾನು ಮುಟ್ಟಿಲ್ಲ. ಯಾರೂ ಮುಟ್ಟಿಲ್ಲ. ನರ್ಸ್‌ನ ಕರೆಯ—