ನಾಟಿ ಹಾಡಿನ ಕಡೆಯ ಸಾಲು

ಅವ್ವಾ,

ನಿನ್ನ ನಾಟಿ ಹಾಡು ಈ ವಾರ ಕನ್ನಡ ಹಾಡುಗಳಲ್ಲೆಲ್ಲ ನಂಬರ್ ಒನ್! ನನ್ನ ಮಗಳು ಸಿಂಚನಾ ಅದಕ್ಕೆ ಡ್ರಮ್ಸು, ಗಿಟಾರು ಸೇರಿಸಿ ಬಿಡುಗಡೆ ಮಾಡಿ ಹತ್ತೇ ದಿನವಾಯಿತು; ಆಗಲೇ ನಲವತ್ತು ಲಕ್ಷ ಜನ ನೋಡಿದ್ದಾರೆ. ಬೆಳಿಗ್ಗೆ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗಿಯರು ಅದನ್ನೇ ಗುನುಗುತ್ತಿದ್ದರು. ಕೇಳುತ್ತಾ ನಿಂತವಳಿಗೆ ನನ್ನ ಬಸ್ಸು ಹೋದದ್ದೇ ತಿಳಿಯಲಿಲ್ಲ.

ವೀಡಿಯೊದಲ್ಲಿ ಗುಡ್ನಾಪುರದ ಕೆರೆಯಿದೆ, ನಿನ್ನ ಗದ್ದೆಯಿದೆ. ನಡುವೆ ನಿನ್ನದೇ ದನಿ ಬರುತ್ತದೆ, ನೀನು ತೀರಿಕೊಳ್ಳುವ ಮೊದಲು ಅವಳು ನಿನ್ನ ಅಡುಗೆಮನೆಯಲ್ಲಿ ಫೋನಿನಲ್ಲಿ ಹಿಡಿದಿಟ್ಟದ್ದು. ಆಮೇಲೆ ಹಾಡು ಒಮ್ಮೆಲೇ ನಿಂತು ನಿನ್ನ ಮಾತು ಕೇಳಿಸುತ್ತದೆ: "ಕಡೀ ಕಟ್ಟು ಸಸಿ ಹಚ್ಚೋವರ್ಗೂ ಕಡೀ ಸಾಲು ಹಾಡಬಾರ್ದು ತಂಗೀ." ಜನಕ್ಕೆ ಅದೇ ಬಲು ಇಷ್ಟವಂತೆ. ಆ ಸಾಲು ಯಾವುದೆಂದು ಸಾವಿರಾರು ಮಂದಿ ಕೇಳುತ್ತಿದ್ದಾರೆ.

ಸಂಜೆ ಸಿಂಚನಾಳೂ ಕೇಳಿದಳು: "ಕಡೀ ಸಾಲು ಏನಮ್ಮಾ? ನಿಂಗೆ ಗೊತ್ತಿರ್ತದಲ್ಲ?"

ಪ್ರತಿ ವರ್ಷವೂ ನಾಟಿಗೆ ಬರುತ್ತಿದ್ದೆ, ನಿಜ. ಆದರೆ ಮಧ್ಯಾಹ್ನದ ಬುತ್ತಿ ಕೊಟ್ಟು, ಕಾಲಿಗೆ ಕೆಸರಾದೀತೆಂದು ಬದುವಿನಿಂದಲೇ ತಿರುಗಿಬಿಡುತ್ತಿದ್ದೆನಲ್ಲ, ಅವ್ವಾ.