ಕೆಂಪು ಗೆರೆ ದಾಟಿದ ಮುಳ್ಳು

ಹುತ್ತೂರು
18-10-1983

ಪ್ರೀತಿಯ ಅಪ್ಪನವರಿಗೆ ಶಾಮಲ ಮಾಡುವ ನಮಸ್ಕಾರ.

ನಿನ್ನೆ ನಮ್ಮ ಬಾಯ್ಲರಿನ ಕಾಯಿಲೆ ನಾನೇ ಕಂಡುಹಿಡಿದೆ ಅಪ್ಪಾ! ಹಬ್ಬ ಕಳೆದು ರೇಷ್ಮೆಗೂಡು ಬೇಯಿಸಲು ಒಲೆ ಹಚ್ಚಿದ್ದೇ ತಡ, ಒತ್ತಡದ ಮುಳ್ಳು ಕೆಂಪು ಗೆರೆ ದಾಟಿ ಏರುತ್ತಲೇ ಹೋಯಿತು. ಎಲ್ಲರೂ ಬೀದಿಗೆ ಓಡಿದರು. ನಾನು ಮಾತ್ರ, ನೀವು ಅಕ್ಕಿ ಗಿರಣಿಯಲ್ಲಿ ಮಾಡುತ್ತಿದ್ದಂತೆ, ಕೆಂಡವನ್ನೆಲ್ಲ ಹೊರಗೆಳೆದೆ. ಮುಳ್ಳು ಸೊನ್ನೆಗಿಳಿದ ಮೇಲೆ ನೋಡಿದರೆ, ಹೆಚ್ಚಾದ ಹಬೆ ಬಿಡುವ ವಾಲ್ವಿನ ಬಾಯಿ ತುಂಬ ಆಯುಧಪೂಜೆಯ ಅರಿಸಿನ ಕುಂಕುಮ, ಕಾದು ಇಟ್ಟಿಗೆಯಾಗಿತ್ತು! ತಲೆಯ ಪಿನ್ನಿನಿಂದ ಕೆದಕಿ ತೆಗೆದೆ.

ಹೆಂಗಸರು ಬಾಯ್ಲರ್ ಮುಟ್ಟಬಾರದು ಎನ್ನುತ್ತಿದ್ದ ಮಾವನವರೇ, “ನಾಳೆಯಿಂದ ಮುಳ್ಳು ನೀನೇ ನೋಡ್ಕೊಳಮ್ಮ” ಅಂದರು!

ಭಾನುವಾರ ಬರುವಾಗ ನಿಮ್ಮ ಹಳೇ ಸ್ಪ್ಯಾನರ್ ತನ್ನಿ. ವಾಲ್ವಿಗೆ ತುಕ್ಕು ಹಿಡಿದಿತ್ತೆಂದು ಎಲ್ಲರಿಗೂ ಹೇಳಿದ್ದೇನೆ. ಯಾರಾದರೂ ಕೇಳಿದರೆ ನೀವೂ ಹಾಗೇ ಹೇಳಿ. ಪೂಜೆ ಮಾಡಿದ್ದು ಮಾವನವರು.

ನಿಮ್ಮ ಮಗಳು,
ಶಾಮಲ